ಸಿನಿಮಾ ನೋಡಿದ್ದಾಯಿತು, ಕಾದಂಬರಿ ಓದೋಣ ಬನ್ನಿ

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ, ಹೈಸ್ಕೂಲು ಕಾಲೇಜಿನ ಮಕ್ಕಳಿಗೆ ಕಳಕಳಿಯ ಮನವಿ.

ಬಂಧುಗಳೇ,

‘ನಾಗರಹಾವು’ ನೋಡದ ಕನ್ನಡದ ಮನೆ ನಮ್ಮ ಎರಡೂ ಊರುಗಳಲ್ಲಿ ಸಿಗುವುದು ಕಷ್ಟ. 1972ರಲ್ಲಿ ಬಂದ ಸಿನಿಮಾ ಅದು. ಅಜ್ಜಂದಿರು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದರು, ಅಪ್ಪಂದಿರು ಟಿ.ವಿ.ಯಲ್ಲಿ ನೋಡಿದರು, ಮಕ್ಕಳು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ರಾಮಾಚಾರಿಯ ಸಿಟ್ಟು, ಚಾಮಯ್ಯ ಮೇಷ್ಟ್ರ ಅಂತಃಕರಣ, ಅಲಮೇಲುವಿನ ಸಂಕಟ, ಜಲೀಲನ ಕೊಂಕು ನೋಟ ನಮಗೆಲ್ಲ ಬಾಯಿಪಾಠ. ಚಿತ್ರದುರ್ಗದ ಆ ಬಂಡೆಗಳು ರಾಯದುರ್ಗದವರಿಗೆ ಹೊಸವೂ ಅಲ್ಲ. ಮೊಳಕಾಲ್ಮೂರು ದಾಟಿದರೆ ಅದೇ ಕಲ್ಲು, ಅದೇ ಬಿಸಿಲು. ಇಷ್ಟು ಹತ್ತಿರದ ಕಥೆಯನ್ನು ಬರೆದ ತ.ರಾ.ಸುಬ್ಬರಾಯರ ಪುಸ್ತಕವನ್ನು ಕೈಯಲ್ಲಿ ಹಿಡಿದು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಈ ಕರಪತ್ರ ಬರೆದಿರುವುದು ಈ ಒಂದು ಪ್ರಶ್ನೆಗಾಗಿ.

ಸಿನಿಮಾ ‘ನಾಗರಹಾವು’ ಒಂದು ಪುಸ್ತಕದಿಂದ ಆದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರಕ್ಕೆ ಇಳಿಸಿದರು. ಮೂರು ಪುಸ್ತಕದ ಬದುಕು ಒಂದು ಆಟದ ಹೊತ್ತಿಗೆ ಮುಗಿಯಬೇಕಾದರೆ ಬಹಳಷ್ಟು ಬಿಟ್ಟುಹೋಗಲೇಬೇಕು. ಚಿತ್ರ ನೋಡಿದ ತ.ರಾ.ಸು. ಅವರಿಗೆ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ಅವರು ನೊಂದು ಆಡಿದ ಮಾತು ಕನ್ನಡ ನಾಡಿನ ತುಂಬ ಹರಡಿತು, ಈಗಲೂ ಉಳಿದಿದೆ. ಇನ್ನೊಂದು ಕಡೆ ಅದೇ ಚಿತ್ರ ಕನ್ನಡಕ್ಕೆ ವಿಷ್ಣುವರ್ಧನ್ ಅವರನ್ನು ನಾಯಕನಾಗಿ ಕೊಟ್ಟಿತು, ಅಂಬರೀಶ್ ಅವರನ್ನು ಕೊಟ್ಟಿತು. ಜಯಂತಿಯವರು ಓಬವ್ವನಾಗಿ ಒನಕೆ ಎತ್ತಿ ನಿಂತ ಮೇಲೆ ಚಿತ್ರದುರ್ಗದ ಆ ಕಿಂಡಿಯನ್ನು ನೋಡದೆ ಯಾವ ಶಾಲೆಯ ಪ್ರವಾಸವೂ ವಾಪಸ್ಸು ಬರುವುದಿಲ್ಲ. ಆದ್ದರಿಂದ ಬರೆದವರ ನೋವನ್ನೂ ತಳ್ಳಿಹಾಕಲಾಗದು, ನೋಡಿದವರ ಪ್ರೀತಿಯನ್ನೂ ತಳ್ಳಿಹಾಕಲಾಗದು.

ಗಡಿಯವರಾದ ನಮಗೆ ಈ ಕಥೆ ಇನ್ನೂ ಒಂದು ವೇಷದಲ್ಲಿ ಬಂತು. 1974ರಲ್ಲಿ ತೆಲುಗಿನಲ್ಲಿ ‘ಕೋಡೆನಾಗು’ ಆಯಿತು. ರಾಮಾಚಾರಿಯ ಜಾಗಕ್ಕೆ ಶೋಭನ್ ಬಾಬು ಬಂದರು. ಮೇಷ್ಟ್ರ ಪಾತ್ರವನ್ನು ತೆಲುಗಿನ ದೊಡ್ಡ ಗೀತರಚನಕಾರ ಆಚಾರ್ಯ ಆತ್ರೇಯ ಮಾಡಿದರು. ಅದೇ ವರ್ಷ ಪುಟ್ಟಣ್ಣನವರೇ ಹಿಂದಿಯಲ್ಲಿ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಝಹರೀಲಾ ಇನ್ಸಾನ್’ ತೆಗೆದರು. ಕನ್ನಡದ್ದನ್ನೂ ತೆಲುಗಿನದ್ದನ್ನೂ ನೋಡಿ, ಮೇಷ್ಟ್ರ ಪಾತ್ರದಲ್ಲಿ ಕನ್ನಡದ ಅಶ್ವತ್ಥ್ ಮೇಲೋ ತೆಲುಗಿನ ಆತ್ರೇಯ ಮೇಲೋ ಎಂದು ಕಟ್ಟೆಯ ಮೇಲೆ ಕೂತು ವಾದ ಮಾಡಬಲ್ಲ ಹಿರಿಯರು ನಮ್ಮ ನಡುವೆ ಇದ್ದಾರೆ. ಎರಡು ಭಾಷೆಯೂ ಬಲ್ಲ ನಮಗಲ್ಲದೆ ಇಂಥ ವಾದ ಇನ್ನಾರಿಗೆ ಒಲಿದೀತು? ಆದರೆ ಈ ವಾದದಲ್ಲಿ ಮೂಲ ಪುಸ್ತಕದ ಮಾತೇ ಬರುವುದಿಲ್ಲ. ತ.ರಾ.ಸು. ತಾವು ಬರೆದದ್ದು ಬೇರೆ ಎಂದು ನೊಂದುಕೊಂಡರಲ್ಲ, ಬೇರೆ ಎಂದರೆ ಏನು ಬೇರೆ ಎಂದು ಕೇಳಿದರೆ ಹೇಳಬಲ್ಲವರು ವಿರಳ. ಲೇಖಕರದು ಸರಿಯೋ ನಿರ್ದೇಶಕರದು ಸರಿಯೋ ಎಂದು ತೀರ್ಪು ಕೊಡುವ ಹಕ್ಕನ್ನು ಓದದೆ ನಾವು ಕಳೆದುಕೊಂಡಿದ್ದೇವೆ.

ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಜಾಗದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಮಧ್ಯಾಹ್ನದ ಊಟ ಮುಗಿದಿತ್ತು. ಮಿಷನ್ನುಗಳು ಇನ್ನೂ ಶುರುವಾಗಿರಲಿಲ್ಲ. ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ, ಬೆರಳಿಗೆ ನೀಲಿ ಬಣ್ಣ ಹತ್ತಿದವನು, ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಎದುರಿಸುವ ಸನ್ನಿವೇಶವನ್ನು ಒಂದು ಮಾತೂ ತಪ್ಪದೆ ಆಡಿ ತೋರಿಸಿದ. ಕೊರಳು ನಡುಗಿಸಿ, ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಳ್ಳುವವನ ಹಾಗೆ ಕೈ ಎತ್ತಿ, ಎಲ್ಲ ಮಾಡಿದ. ಸುತ್ತ ಇದ್ದ ಅಕ್ಕಂದಿರು ಕಣ್ಣು ಒರೆಸಿಕೊಂಡರು. ಇದನ್ನು ಬರೆದವರು ಯಾರಪ್ಪಾ ಎಂದು ಕೇಳಿದರೆ ‘ಪುಟ್ಟಣ್ಣ’ ಅಂದ. ಆ ಹುಡುಗ ಏಳನೇ ತರಗತಿವರೆಗೆ ನಮ್ಮ ಕನ್ನಡ ಶಾಲೆಯಲ್ಲೇ ಓದಿದವನು. ಅಕ್ಷರ ಚೆನ್ನಾಗಿ ಬಲ್ಲ. ಅವನ ಕೈಗೆ ಆ ಪುಸ್ತಕವನ್ನು ಇಂದಿಗೂ ಯಾರೂ ಕೊಟ್ಟಿಲ್ಲ. ಇದರಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲ, ಕೊಡಬೇಕಾದವರು ನಾವು.

ಬಂಧುಗಳೇ, ಸಿನಿಮಾ ಕೆಟ್ಟದ್ದು, ಪುಸ್ತಕ ಮಾತ್ರ ಒಳ್ಳೆಯದು ಎಂದು ಸಾರುವುದಕ್ಕೆ ನಾವು ಬಂದಿಲ್ಲ. ಗಡಿಯಲ್ಲಿ ಕನ್ನಡ ಉಳಿದಿರುವುದರಲ್ಲಿ ಸಿನಿಮಾದ ಪಾಲು ದೊಡ್ಡದು. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯವಾದಾಗ ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಈ ಕಡೆಗೆ ಬಂದವು. ಅದಕ್ಕೂ ಮುಂಚೆ, 1882ರಲ್ಲಿ ಅನಂತಪುರ ಜಿಲ್ಲೆಯೇ ಬಳ್ಳಾರಿಯಿಂದ ಬೇರೆಯಾದದ್ದು. ಈಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಷ್ಟೆಲ್ಲ ಗೆರೆ ಎಳೆದ ಮೇಲೂ ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರದ ಮನೆಗಳಲ್ಲಿ, ಡಿ. ಹೀರೇಹಾಳು, ಬೊಮ್ಮನಹಾಳು, ಕಣೇಕಲ್ಲಿನ ಓಣಿಗಳಲ್ಲಿ ಕನ್ನಡದ ದನಿ ಅಡಗಿಲ್ಲ. ರಾಜಕುಮಾರ್ ಅವರ ಹಾಡು ನಮ್ಮ ಮದುವೆ ಮನೆಗಳಲ್ಲಿ ಕೇಳುತ್ತಲೇ ಬಂದಿದೆ. 1993ರ ‘ಆಕಸ್ಮಿಕ’ ಚಿತ್ರದ ಜಟಕಾ ಬಂಡಿಯ ಹಾಡಿಲ್ಲದೆ ನವೆಂಬರ್ ಒಂದು ಮುಗಿಯುವುದಿಲ್ಲ. ಆ ಸಿನಿಮಾ ಕೂಡ ತ.ರಾ.ಸು. ಅವರದೇ. ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರು ಕಾದಂಬರಿಗಳಿಂದ ಟಿ.ಎಸ್. ನಾಗಾಭರಣ ಅದನ್ನು ಕಟ್ಟಿದರು. ಹಾಡಿಗೆ ಹೆಜ್ಜೆ ಹಾಕಿದ ನಮ್ಮ ಹುಡುಗರಿಗೆ ಆ ಮೂರು ಹೆಸರನ್ನೂ ತಿಳಿಸಬೇಡವೇ?

ಬರೆದದ್ದು ತೆರೆಗೆ ಬಂದಾಗ ಏನೇನಾಗುತ್ತದೆ ಎಂಬುದಕ್ಕೆ ತ.ರಾ.ಸು. ಅವರ ಪುಸ್ತಕಗಳಷ್ಟು ಒಳ್ಳೆಯ ಪಾಠ ಕನ್ನಡದಲ್ಲಿ ಇನ್ನೊಂದಿಲ್ಲ. 1952ರ ‘ಹಂಸಗೀತೆ’ಯನ್ನೇ ತೆಗೆದುಕೊಳ್ಳಿ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. 1956ರಲ್ಲಿ ಹಿಂದಿಯವರು ಅದನ್ನು ‘ಬಸಂತ್ ಬಹಾರ್’ ಮಾಡಿದರು. ಹಾಡುಗಳು ದೇಶವನ್ನೇ ಗೆದ್ದವು, ಆದರೆ ದುರ್ಗದ ಗುಡಿ, ದುರ್ಗದ ಕಲ್ಲು, ದುರ್ಗದ ಮಾತು ಅಲ್ಲಿ ಕಾಣುವುದಿಲ್ಲ. ಸುಮಾರು ಇಪ್ಪತ್ತು ವರ್ಷದ ಮೇಲೆ, 1975ರಲ್ಲಿ, ಜಿ.ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ ಮಾಡಿದರು. ಅನಂತನಾಗ್ ಪಾತ್ರ ಮಾಡಿದರು, ಬಾಲಮುರಳೀಕೃಷ್ಣ ಹಾಡಿದರು, ಆ ಹಾಡಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಅಭಿಪ್ರಾಯ ಕೇಳಿದರೆ, ಅಯ್ಯರ್ ಅವರ ಚಿತ್ರ ಪುಸ್ತಕದ ಉಸಿರು ಹಿಡಿದಿದೆ. ಒಪ್ಪದವರು ಇರಬಹುದು. ಒಪ್ಪದವರು ಓದಿಕೊಂಡು ಬಂದು ಜಗಳಕ್ಕೆ ನಿಲ್ಲಲಿ ಎಂಬುದೇ ನಮ್ಮ ಆಸೆ. ಇನ್ನೊಂದು ಮಾತು. ನಾಗರಹಾವಿನ ಮುನಿಸು ಅಷ್ಟು ದೊಡ್ಡದಾಗಿದ್ದರೂ ಪುಟ್ಟಣ್ಣನವರು ಕೈಹಾಕಿದ ಕೊನೆಯ ಚಿತ್ರ ‘ಮಸಣದ ಹೂವು’ ತ.ರಾ.ಸು. ಅವರ ಕಾದಂಬರಿಯದೇ. 1985ರಲ್ಲಿ ಚಿತ್ರ ಮುಗಿಯುವ ಮೊದಲೇ ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿಯವರು ಅದನ್ನು ಪೂರೈಸಿದರು. ತ.ರಾ.ಸು. ಅದಕ್ಕೂ ಒಂದು ವರ್ಷ ಮೊದಲು ಹೋಗಿಬಿಟ್ಟಿದ್ದರು.

ಆಚೆ ಈಚೆ ಓಡಾಡುವ ಕಥೆಗಳು ನಮಗೆ ಹೊಸತಲ್ಲ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳನ್ನು ಕನ್ನಡದವರು ಹುಚ್ಚು ಹಿಡಿದು ಓದಿದ ಕಾಲವೊಂದಿತ್ತು. ಅವರ ‘ವೆನ್ನೆಲ್ಲೋ ಆಡಪಿಲ್ಲ’ ಕನ್ನಡದಲ್ಲಿ ‘ಬೆಳದಿಂಗಳ ಬಾಲೆ’ ಆಯಿತು. 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಸಿನಿಮಾ ಮಾಡಿ, ಫೋನಿನಲ್ಲಿ ಬರುವ ದನಿಯೊಂದರಿಂದಲೇ ನಾಯಕಿಯನ್ನು ನಮ್ಮ ಮನಸ್ಸಿನಲ್ಲಿ ಕೂರಿಸಿಬಿಟ್ಟರು. ಓದುವಾಗ ನಾವು ಮುಖವನ್ನು ಊಹಿಸಿಕೊಳ್ಳುತ್ತೇವಲ್ಲ, ಆ ಸುಖವನ್ನು ನೋಡುವವರಿಗೂ ಉಳಿಸಿಕೊಟ್ಟ ಚಿತ್ರ ಅದು. ಹಾಗೆಯೇ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು 1980ರಲ್ಲಿ ಬಾಪು ತೆಲುಗಿಗೆ ತಂದರು. ರಾಯದುರ್ಗದ, ಮಡಕಶಿರಾದ ಓದುಗ ಈ ನಾಲ್ಕನ್ನೂ, ಅಂದರೆ ಎರಡು ಪುಸ್ತಕ ಎರಡು ಸಿನಿಮಾ, ಮೂಲದ ಭಾಷೆಯಲ್ಲೇ ಸವಿಯಬಲ್ಲ. ಬೆಂಗಳೂರಿನ ಓದುಗರಲ್ಲಿ ಎಲ್ಲರಿಗೂ ಈ ಭಾಗ್ಯವಿಲ್ಲ. ಆದ್ದರಿಂದ ನಮ್ಮ ಈ ಕರೆ ತೆಲುಗಿನ ವಿರುದ್ಧ ಅಲ್ಲವೇ ಅಲ್ಲ. ತೆಲುಗು ಬಂಧುಗಳೂ ಬರಬೇಕು, ಅವರ ಪುಸ್ತಕದ ಬಗ್ಗೆ ಅವರೂ ಮಾತಾಡಬೇಕು.

ಹೊಸ ಪುಸ್ತಕಗಳ ಮಾತಿಗೆ ಬರೋಣ. ನಮ್ಮ ಪಕ್ಕದ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಈ ಕಾಲದ ಕನ್ನಡದ ಅತ್ಯಂತ ಜನಪ್ರಿಯ ಕಾದಂಬರಿಕಾರರಲ್ಲಿ ಒಬ್ಬರು. 2019ರಲ್ಲಿ ಬಂದ ‘ತೇಜೋ-ತುಂಗಭದ್ರಾ’ ವಿಜಯನಗರವನ್ನೂ ಪೋರ್ಚುಗಲ್ಲಿನ ಲಿಸ್ಬನ್ನನ್ನೂ ಜೋಡಿಸಿ ಬರೆದದ್ದು. ಆಮೇಲೆ ರೇಷ್ಮೆ ದಾರಿಯ ಮೇಲೆ ‘ರೇಷ್ಮೆ ಬಟ್ಟೆ’ ಬರೆದರು. ಇವು ಸಿನಿಮಾ ಆಗಲಿ ಎನ್ನುವ ಓದುಗರೂ ಇದ್ದಾರೆ, ದಯವಿಟ್ಟು ಬೇಡ, ಹಡಗನ್ನೂ ಹಂಪೆಯನ್ನೂ ಮನಸ್ಸಿನಲ್ಲೇ ನೋಡಿಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಎರಡೂ ಮಾತು ಪುಸ್ತಕದ ಮೇಲಿನ ಅಕ್ಕರೆಯಿಂದಲೇ ಬಂದದ್ದು. ತುಂಗಭದ್ರೆಯ ನೀರು ಹೈಲೆವೆಲ್ ಕಾಲುವೆಯಲ್ಲಿ ಬೊಮ್ಮನಹಾಳು, ಕಣೇಕಲ್ಲಿನ ಗದ್ದೆಗಳಿಗೆ ಬರುತ್ತಿದೆ. ಆ ನದಿಯ ಹೆಸರು ಹೊತ್ತ ಕಾದಂಬರಿಯೂ ಅದೇ ಊರಿನ ಮಕ್ಕಳ ಕೈಗೆ ಬರಬೇಕು.

ಓದುಗರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಕಣ್ಣಾರೆ ಕಂಡಿದ್ದೇವೆ. ಪೂರ್ಣಚಂದ್ರ ತೇಜಸ್ವಿಯವರ ‘ಡೇರ್‌ಡೆವಿಲ್ ಮುಸ್ತಾಫಾ’ ಒಂದು ಸಣ್ಣ ಕಥೆ. ತೇಜಸ್ವಿಯವರ ಅಭಿಮಾನಿ ಓದುಗರೇ ಹಣ ಕೂಡಿಸಿ, ಶಶಾಂಕ್ ಸೋಗಾಲ್ ಅವರ ನಿರ್ದೇಶನದಲ್ಲಿ ಅದನ್ನು ಸಿನಿಮಾ ಮಾಡಿಸಿದರು. ‘ನಾಗರಹಾವು’ ಮೂರು ಪುಸ್ತಕವನ್ನು ಕತ್ತರಿಸಿತ್ತು. ಇಲ್ಲಿ ಕೆಲವೇ ಪುಟದ ಕಥೆಯನ್ನು ಹಿಗ್ಗಿಸಬೇಕಾಯಿತು. ಹಿಗ್ಗಿಸಿದ್ದು ಹೆಚ್ಚಾಯಿತು ಅಂದವರಿದ್ದಾರೆ, ತೇಜಸ್ವಿಯವರ ತುಂಟತನ ಉಳಿದಿದೆ ಅಂದವರಿದ್ದಾರೆ. ಅದಕ್ಕೂ ಹಿಂದೆ, 2004ರಲ್ಲಿ, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಗಿರೀಶ ಕಾಸರವಳ್ಳಿ ‘ಹಸೀನಾ’ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. 2025ರಲ್ಲಿ ಬಾನು ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ ಆ ಕಥೆಗಳನ್ನು ಹುಡುಕಿಕೊಂಡು ಅಂಗಡಿಗೆ ಹೋದವರು ಎಷ್ಟೋ ಮಂದಿ. ಕರ್ನೂಲು ಜಿಲ್ಲೆಯ ಗಡಿ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದು, ರಾಯಲಸೀಮೆಯ ಧೂಳು ಮೈಗೆ ಹತ್ತಿಸಿಕೊಂಡು ಬರೆದ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಗಳಿಂದಲೂ ‘ಕೊಟ್ರೇಶಿ ಕನಸು’, ‘ಕೂರ್ಮಾವತಾರ’ ಬಂದಿವೆ. ನಮ್ಮ ಬದುಕನ್ನು ಅಷ್ಟು ಹತ್ತಿರದಿಂದ ಬರೆದ ಇನ್ನೊಬ್ಬರನ್ನು ತೋರಿಸುವುದು ಕಷ್ಟ.

ಈಗ ರಾಯದುರ್ಗದವರಿಗೆ ನೇರವಾಗಿ ತಾಗುವ ಮಾತು. ತ.ರಾ.ಸು. ಅವರ ಕೊನೆಯ ಕಾದಂಬರಿ ‘ದುರ್ಗಾಸ್ತಮಾನ’. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗ ಸಿಕ್ಕು, ಕೊನೆಯ ಮದಕರಿ ನಾಯಕನ ಆಳ್ವಿಕೆ ಮುಗಿದುಹೋದ ಕಥೆ. ಆ ಕಾಲದಲ್ಲಿ ರಾಯದುರ್ಗಕ್ಕೂ ಚಿತ್ರದುರ್ಗಕ್ಕೂ ಹಗೆ. 1748ರ ಮಾಯಕೊಂಡದ ಯುದ್ಧದಲ್ಲಿ ಬಿದನೂರು, ಹರಪನಹಳ್ಳಿ, ಸವಣೂರಿನವರ ಜೊತೆ ರಾಯದುರ್ಗದವರೂ ಸೇರಿ ದುರ್ಗದ ಮೇಲೆ ಬಿದ್ದಿದ್ದರು, ಹಿರಿಯ ಮದಕರಿ ನಾಯಕ ಆ ರಣದಲ್ಲೇ ಮಡಿದ. ಅಂದರೆ ದಿನಾ ನಾವು ತಲೆ ಎತ್ತಿ ನೋಡುವ ಈ ಬೆಟ್ಟದ ಕೋಟೆ ಆ ಚರಿತ್ರೆಯಲ್ಲಿ ಎದುರಾಳಿಯ ಕೋಟೆ. ಮದಕರಿ ನಾಯಕನ ಮೇಲೆ ದೊಡ್ಡ ಸಿನಿಮಾ ಬರುತ್ತದೆಂದು 2019ರಲ್ಲಿ ಬಹಳ ಸುದ್ದಿಯಾಗಿತ್ತು. ಎಂದಾದರೂ ಅಂಥ ಸಿನಿಮಾ ತೆರೆಗೆ ಬಂದರೆ ರಾಯದುರ್ಗದ ಪಾಳೆಯಗಾರರನ್ನು ಎರಡು ನಿಮಿಷದ ಖಳರನ್ನಾಗಿ ತೋರಿಸಿ ಮುಗಿಸಬಹುದು. ಥೇಟರಿನಲ್ಲಿ ಕೂತ ನಮ್ಮ ಮಕ್ಕಳು ಅದನ್ನೇ ತಮ್ಮ ಊರಿನ ಚರಿತ್ರೆ ಎಂದು ನಂಬಬಹುದು. ಪಾಳೆಯಪಟ್ಟುಗಳ ಹಗೆ ಹೇಗೆ ಹುಟ್ಟಿತು, ಮರಾಠರ ಮತ್ತು ಹೈದರನ ನಡುವೆ ಸಿಕ್ಕ ಚಿಕ್ಕ ಕೋಟೆಗಳ ಗತಿ ಏನಾಯಿತು ಎಂದು ನೂರಾರು ಪುಟ ನಿಧಾನವಾಗಿ ಬಿಡಿಸಿ ಹೇಳುವ ತಾಳ್ಮೆ ಇರುವುದು ಕಾದಂಬರಿಗೆ. ಸಿನಿಮಾ ಬರುವ ಮುಂಚೆಯೇ ನಾವು ಓದಿ ಸಿದ್ಧವಾಗಿರೋಣ. ಹಾಗೆಯೇ ಮಡಕಶಿರಾದ ಬಂಧುಗಳೇ, ನಿಮ್ಮ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಆ ಕಲ್ಲಿನ ಕೆಲಸ ನೋಡಿ ಬೆಳೆದ ಒಬ್ಬ ಹುಡುಗಿ ನಾಳೆ ನೊಳಂಬರ ಮೇಲೊಂದು ಕಾದಂಬರಿ ಬರೆಯಬೇಕಾದರೆ, ಇವತ್ತು ಅವಳಿಗೆ ಓದಲು ಕಾದಂಬರಿ ಸಿಗಬೇಕು.

ಇಷ್ಟು ಹೇಳಿದ ಮೇಲೆ, ಮಾಡಬೇಕಾದ ಕೆಲಸದ ಮಾತು.

ಆಂಧ್ರದ ಗ್ರಂಥಾಲಯ ಕಾನೂನು 1960ರದು. ಅದರ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಜೊತೆಗೆ ರೂಪಾಯಿಗೆ 8 ಪೈಸೆಯಂತೆ ಗ್ರಂಥಾಲಯ ಸೆಸ್ಸು ಸೇರಿರುತ್ತದೆ. ಮನೆಯಲ್ಲಿರುವ ತೆರಿಗೆ ರಸೀತಿ ತೆಗೆದು ನೋಡಿ. ಪುಸ್ತಕಕ್ಕಾಗಿ ನಾವು ಈಗಾಗಲೇ ಹಣ ಕೊಟ್ಟಿದ್ದೇವೆ. ಆದ್ದರಿಂದ ಶಾಖಾ ಗ್ರಂಥಾಲಯಕ್ಕೆ ಹೋಗಿ ಕನ್ನಡ ಪುಸ್ತಕ ಕೇಳುವಾಗ ಸಂಕೋಚ ಬೇಡ, ಬೇಡುವ ದನಿಯೂ ಬೇಡ. ಮೊದಲು ಈ ವಾರವೇ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ. ಕನ್ನಡದ ಪುಸ್ತಕಗಳು ಯಾವ ಕಪಾಟಿನಲ್ಲಿವೆ, ಎಷ್ಟಿವೆ, ಯಾವ ಕಾಲದವು ಎಂದು ಕೂತು ಎಣಿಸಿ ಬರೆದುಕೊಳ್ಳಿ. ಅಲ್ಲಿ ಕೆಲಸ ಮಾಡುವವರೊಡನೆ ಗೌರವದಿಂದ ಮಾತಾಡಿ. ಪುಸ್ತಕ ಕೊಳ್ಳುವ ತೀರ್ಮಾನ ಅವರ ಕೈಯಲ್ಲಿಲ್ಲ. ಸದಸ್ಯರಾಗಿಲ್ಲದವರು ಅಂದೇ ಸದಸ್ಯರಾಗಿ. ಕನ್ನಡ ಪುಸ್ತಕ ತೆಗೆದುಕೊಂಡು ಹೋಗುವವರಿದ್ದಾರೆ ಎಂಬುದು ರಿಜಿಸ್ಟರಿನಲ್ಲಿ ಕಾಣದೆ ಹೊಸ ಪುಸ್ತಕ ಬರುವುದು ಕಷ್ಟ.

ಆಮೇಲೆ ಅರ್ಜಿ. ಜಿಲ್ಲಾ ಗ್ರಂಥಾಲಯ ಸಂಸ್ಥೆಯ ಕಾರ್ಯದರ್ಶಿಗಳ ಹೆಸರಿಗೆ, ತೆಲುಗು ಕನ್ನಡ ಎರಡರಲ್ಲೂ ಬರೆಯಿರಿ. ಹೀಗೆ ಬರೆದರೆ ಸಾಕು: “ನಮ್ಮ ಮಂಡಲದಲ್ಲಿ ಕನ್ನಡ ಓದುವವರು, ಕನ್ನಡ ಮಾಧ್ಯಮದ ಶಾಲೆಯ ಮಕ್ಕಳು ಹೆಚ್ಚಾಗಿದ್ದಾರೆ. ಶಾಖಾ ಗ್ರಂಥಾಲಯದಲ್ಲಿ ಈಗಿರುವ ಕನ್ನಡ ಪುಸ್ತಕಗಳು ಇಷ್ಟು. ಈ ವರ್ಷದ ಖರೀದಿಯಲ್ಲಿ ಕೆಳಗೆ ಕೊಟ್ಟಿರುವ ಕನ್ನಡ ಕಾದಂಬರಿಗಳನ್ನು ಸೇರಿಸಬೇಕು, ಒಂದು ಕನ್ನಡ ದಿನಪತ್ರಿಕೆ, ಒಂದು ವಾರಪತ್ರಿಕೆ ತರಿಸಬೇಕು ಎಂದು ಪ್ರಾರ್ಥನೆ.” ಕೆಳಗೆ ಸಹಿ, ಊರು, ಸದಸ್ಯತ್ವದ ನಂಬರು. ಪಟ್ಟಿಯಲ್ಲಿ ಈ ಕರಪತ್ರದ ಪುಸ್ತಕಗಳಿರಲಿ, ತ್ರಿವೇಣಿಯವರ ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇರಲಿ, ನಿಮಗೆ ಬೇಕಾದ್ದನ್ನೂ ಸೇರಿಸಿ. ಸೋಮವಾರದ ಅಹವಾಲು ದಿನ ಅದರ ಒಂದು ಪ್ರತಿ ಕೊಟ್ಟು, ರಸೀತಿ ತಪ್ಪದೆ ಪಡೆದುಕೊಳ್ಳಿ. ಒಬ್ಬರು ಹೋದರೆ ನಾಳೆ ಬನ್ನಿ ಅಂದಾರು. ಹತ್ತು ಮಂದಿ ಒಟ್ಟಿಗೆ ಹೋಗಿ, ಜೊತೆಗೆ ಹೈಸ್ಕೂಲಿನ ಮಕ್ಕಳಿರಲಿ.

ಸರ್ಕಾರದ ಪುಸ್ತಕ ಬರುವವರೆಗೆ ಸುಮ್ಮನೆ ಕೂರುವುದು ಬೇಡ. ಕನ್ನಡ ಪುಸ್ತಕ ಪ್ರಾಧಿಕಾರ ನವೆಂಬರಿನಲ್ಲಿ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತದೆ. ಬಳ್ಳಾರಿಗೆ, ಶಿರಾಕ್ಕೆ, ತುಮಕೂರಿಗೆ, ಬೆಂಗಳೂರಿಗೆ ವಾರವಾರ ಓಡಾಡುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಬರುವಾಗ ಒಂದು ಪುಸ್ತಕ ಚೀಲದಲ್ಲಿ ಹಾಕಿಕೊಂಡು ಬರಲಿ. ಹತ್ತು ಮನೆ ಸೇರಿ ಹತ್ತು ಪುಸ್ತಕ ತಂದರೆ ವರ್ಷವಿಡೀ ಸುತ್ತಿಸಬಹುದು. ಹಳೆಯ ಪ್ರತಿಗಳೂ ಹೊರಗೆ ಬರಲಿ. ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಅಟ್ಟದಿಂದ ಇಳಿದ ‘ನಾಗರಹಾವು’ ಪುಸ್ತಕ ನಮ್ಮ ಕೈಗೆ ಬಂದಿತ್ತು. ರಟ್ಟು ಹೋಗಿ ಸಿಮೆಂಟು ಚೀಲದ ಕಾಗದದ ಹೊದಿಕೆ, ಬೆನ್ನಿಗೆ ಗೋಣಿ ದಾರದ ಹೊಲಿಗೆ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಓದಿದವರ ಹೆಸರುಗಳು, ಕೆಲವು ಕನ್ನಡದಲ್ಲಿ, ಕೆಲವು ತೆಲುಗು ಲಿಪಿಯಲ್ಲಿ. ಒಬ್ಬರು ಹೆಸರಿನ ಪಕ್ಕ ‘ಸಿನಿಮಾಗಿಂತ ಇದೇ ಮೇಲು’ ಎಂದು ಬರೆದಿದ್ದಾರೆ, ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಸುಳ್ಳು’ ಎಂದಿದೆ. ಇಂಥ ಪುಸ್ತಕ ನಿಮ್ಮ ಅಟ್ಟದಲ್ಲೂ ಇರಬಹುದು. ತೂಕಕ್ಕೆ ಹಾಕುವ ಮುಂಚೆ ನಮಗೆ ಕೊಡಿ.

ಪ್ರತಿ ತಿಂಗಳ ಕೊನೆಯ ಭಾನುವಾರ ಸಂಜೆ ಒಂದು ಕಡೆ ಕೂಡೋಣ. ರಾಯದುರ್ಗದವರು ಕೋಟೆ ಬೆಟ್ಟದ ಬುಡದಲ್ಲಿ, ಮಡಕಶಿರಾದವರು ನಿಮ್ಮ ಓಣಿಯ ಗುಡಿ ಕಟ್ಟೆಯ ಮೇಲೋ ಶಾಲೆಯ ಜಗಲಿಯಲ್ಲೋ. ಮೊದಲ ಪುಸ್ತಕ ‘ನಾಗರಹಾವು’. ಓದು ಬಲ್ಲವರು ಗಟ್ಟಿಯಾಗಿ ಓದಲಿ, ಅಕ್ಷರ ಬಾರದ ಅವ್ವಂದಿರು, ಅಜ್ಜಂದಿರು ಕೇಳಲಿ. ಪುಸ್ತಕ ಮುಗಿದ ಮೇಲೆ ಸಿನಿಮಾ ಇನ್ನೊಮ್ಮೆ ಒಟ್ಟಿಗೆ ನೋಡಿ ವಾದಕ್ಕೆ ಕೂರೋಣ. ಎರಡನೆಯದು ‘ಹಂಸಗೀತೆ’, ಆಮೇಲೆ ‘ಬೆಳದಿಂಗಳ ಬಾಲೆ’, ‘ದುರ್ಗಾಸ್ತಮಾನ’ಕ್ಕೆ ಬೇಸಿಗೆ ರಜೆ. ಜೀನ್ಸ್ ಹೊಲಿಯುವ ಅಕ್ಕತಂಗಿಯರಿಗೆ ಭಾನುವಾರವೂ ಬಿಡುವಿಲ್ಲದಿದ್ದರೆ ನಿಮ್ಮ ಊಟದ ಹೊತ್ತಿಗೆ ನಾವೇ ಬಂದು ಒಂದು ಅಧ್ಯಾಯ ಓದಿ ಹೋಗುತ್ತೇವೆ, ಮಾಲೀಕರು ದಯಮಾಡಿ ಅನುಮತಿ ಕೊಡಬೇಕು.

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ವಾರಕ್ಕೆ ಒಂದು ಪೀರಿಯಡ್ಡು ಇದಕ್ಕಾಗಿ ಬಿಡಿ. ಮಕ್ಕಳಿಗೆ ಸಿನಿಮಾದ ಒಂದು ಸನ್ನಿವೇಶ ಹೇಳಲು ಹೇಳಿ, ಆಮೇಲೆ ಅದೇ ಸನ್ನಿವೇಶದ ಪುಟವನ್ನು ಓದಿಸಿ. ಯಾವುದನ್ನು ಬಿಟ್ಟಿದ್ದಾರೆ, ಯಾವುದನ್ನು ಸೇರಿಸಿದ್ದಾರೆ ಎಂದು ಮಕ್ಕಳೇ ಹುಡುಕಲಿ.

ಭಾನುವಾರದ ಕೂಟಕ್ಕೆ ಬರುವಾಗ ತೆರಿಗೆ ರಸೀತಿಯ ಜೆರಾಕ್ಸ್, ಒಂದು ಪೆನ್ನು, ಮನೆಯಲ್ಲಿರುವ ಯಾವುದಾದರೂ ಒಂದು ಕನ್ನಡ ಪುಸ್ತಕ ತನ್ನಿ. ಅರ್ಜಿಗೆ ಅಲ್ಲಿಯೇ ಸಹಿ ಹಾಕಬಹುದು. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ. ಕನ್ನಡ ಓದಲು ಬಾರದವರಾದರೆ ಕೂರಿಸಿಕೊಂಡು ಓದಿ ಹೇಳಿ.

ಇಂತಿ,
ರಾಯದುರ್ಗ ಮತ್ತು ಮಡಕಶಿರಾದ ಕನ್ನಡ ಓದುಗರು